ಆ ರಾತ್ರಿ ನೋಟ್‌ಬುಕ್ಕುಗಳಲ್ಲಿ ನಾನು ಹುಡುಕಿದ್ದು

ಕೊನೇ ಪೀರಿಯಡ್ ಮುಗಿಸಿ ಸ್ಟಾಫ್ ರೂಮಿಗೆ ಬಂದಾಗ ನಮ್ಮ ವಿಜ್ಞಾನದ ಟೀಚರ್ ಬಾಗಿಲಲ್ಲೇ ಕಾಯುತ್ತಿದ್ದಳು. ನನಗಿಂತ ಹದಿನೈದು ವರ್ಷ ಚಿಕ್ಕವಳು. "ಮೇಡಂ, ಒಂದು ನಿಮಿಷ. ಬೇಜಾರು ಮಾಡ್ಕೋಬೇಡಿ. ಬೇರೆಯವರ ಬಾಯಿಂದ ಗೊತ್ತಾಗೋದಕ್ಕಿಂತ ನಾನೇ ತೋರಿಸೋದು ವಾಸಿ ಅನ್ನಿಸ್ತು" ಎಂದು ಮೊಬೈಲನ್ನು ನನ್ನ ಕೈಗಿಟ್ಟಳು.

ಮಕ್ಕಳು ತಮ್ಮ ಶಿಕ್ಷಕರಿಗೆ ಹೆಸರು ಹೇಳದೆ ಅಂಕ ಕೊಡುವ ಒಂದು ಜಾಲತಾಣ. ಅದರಲ್ಲಿ ನಮ್ಮ ಶಾಲೆ, ಅದರ ಕೆಳಗೆ ನನ್ನ ಹೆಸರು, ಅದರ ಪಕ್ಕದಲ್ಲಿ 5ಕ್ಕೆ 2.6. ಒಟ್ಟು ಏಳು ಜನ ಅಂಕ ಕೊಟ್ಟಿದ್ದರು. ಮೂವರು ಒಂದೊಂದು ನಕ್ಷತ್ರ, ಒಬ್ಬರು ಎರಡು, ಒಬ್ಬರು ಮೂರು, ಇಬ್ಬರು ಐದೈದು. ನಾನು ಗಣಿತದ ಟೀಚರ್. ನಿಂತಲ್ಲೇ ಲೆಕ್ಕ ಹಾಕಿದೆ. ಸರಾಸರಿ 2.6, ಮಧ್ಯಾಂಕ (ಸಾಲಾಗಿ ಜೋಡಿಸಿದಾಗ ನಟ್ಟನಡುವಿನದು) 2, ಬಹುಲಕ (ಹೆಚ್ಚು ಸಲ ಬಂದದ್ದು) 1. ನಾನು ಪಾಠ ಹೇಳುವ 160 ಮಕ್ಕಳಲ್ಲಿ ಏಳು ಜನ ಎಂದರೆ ನೂರಕ್ಕೆ ಐದೂ ಇಲ್ಲ. ಇಷ್ಟು ಸಣ್ಣ ಸಂಖ್ಯೆಯಿಂದ ಏನನ್ನೂ ತೀರ್ಮಾನಿಸಬಾರದು ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳಿಕೊಡುವವಳು ನಾನೇ. ಆ ಕ್ಷಣದಲ್ಲಿ ಆ ಪಾಠ ಯಾವ ಉಪಯೋಗಕ್ಕೂ ಬರಲಿಲ್ಲ. ಕಿವಿ ಬಿಸಿಯಾಗಿತ್ತು.

ಬರೆದವರಲ್ಲಿ ಬಹಳಷ್ಟು ಜನ ಒಂದೊಂದು ಸಾಲು ಗೀಚಿ ಬಿಟ್ಟಿದ್ದರು. ಹೋಂವರ್ಕ್ ಜಾಸ್ತಿ, ಧ್ವನಿ ಕರ್ಕಶ, ಒಳ್ಳೇ ಮಿಸ್, ಬೋರು. ಅವುಗಳನ್ನು ಅವತ್ತೇ ಮರೆತೆನೇನೋ. ಮರೆಯಲಾಗದೇ ಹೋದದ್ದು ಒಂದು. "ಮಧ್ಯಬಿಂದು ಪ್ರಮೇಯ ಎರಡು ಸಲ ಹೇಳಿದ್ರು.. ಎರಡು ಸಲವೂ ಬೋರ್ಡಿಗೇ ಹೇಳಿದ್ರು.. ಅರ್ತ ಆಯ್ತಾ ಅಂತ ಕೇಳ್ತಾರೆ, ಇಲ್ಲ ಅಂದ್ರೆ ಮುಖ ನೋಡೋಕಾಗಲ್ಲ.."

ಹದಿನೆಂಟು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ನನ್ನ ಪಾಠ ಕೇಳಿ ಯಾರಿಗೂ ಏನೂ ಬೇಸರವಾಗಿಲ್ಲ ಎಂದು ನಂಬಿದವಳಲ್ಲ. ಆದರೆ ಇಷ್ಟು ಸ್ಪಷ್ಟವಾಗಿ ನನ್ನನ್ನು ಯಾರೂ ನನಗೆ ತೋರಿಸಿರಲಿಲ್ಲ. ಮತ್ತು ಆ ಮಾತು ನಿಜ ಎಂದು ಓದಿದ ಕೂಡಲೇ ಗೊತ್ತಾಯಿತು. ಬರೆಯುತ್ತಾ ಮಾತಾಡುವುದು ನನ್ನ ರೂಢಿ. ಮಧ್ಯಬಿಂದು ಪ್ರಮೇಯ ಹೇಳಿದ ದಿನ ಬೋರ್ಡಿನ ತುಂಬ ಬರೆದು, ತಿರುಗಿ ನೋಡಿ, "ಅರ್ಥ ಆಯ್ತಾ?" ಎಂದು ಕೇಳಿ, ಯಾರೋ ಇಲ್ಲವೆಂದಾಗ ಅದನ್ನೇ ಮತ್ತೆ ಮೊದಲಿನಿಂದ, ಮತ್ತೆ ಬೋರ್ಡಿಗೇ ಹೇಳಿದ್ದು ನೆನಪಿತ್ತು.

ನಿಜವೆಂದು ಗೊತ್ತಾದ ಮೇಲೂ ನಾನು ಮಾಡಿದ್ದೇನೆಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ಪ್ರಮೇಯವನ್ನು ನಾನು ಎರಡು ಸಲ ಹೇಳಿದ್ದು ಒಂಬತ್ತನೇ ತರಗತಿಯ ಬಿ ವಿಭಾಗದಲ್ಲಿ ಮಾತ್ರ. ಎ ವಿಭಾಗದಲ್ಲಿ ಒಂದೇ ಸಲಕ್ಕೆ ಮುಗಿದಿತ್ತು. ಬಿ ವಿಭಾಗದ 39 ನೋಟ್‌ಬುಕ್ಕುಗಳು ತಿದ್ದುವುದಕ್ಕೆಂದು ಅವತ್ತು ನನ್ನ ಚೀಲದಲ್ಲೇ ಇದ್ದವು. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಮೇಜಿನ ಮೇಲೆ ಹರಡಿಕೊಂಡು ಕೂತೆ. 'ಅರ್ಥ'ಕ್ಕೆ 'ಅರ್ತ' ಎಂದು ಬರೆಯುವ ಕೈ 'ಅರ್ಧ'ಕ್ಕೂ 'ಅರ್ದ' ಎಂದೇ ಬರೆಯಬೇಕು. ಮಧ್ಯಬಿಂದು ಪ್ರಮೇಯದ ಹೇಳಿಕೆಯಲ್ಲಿ ಆ ಪದ ಬಂದೇ ಬರುತ್ತದೆ: ತ್ರಿಭುಜದ ಎರಡು ಬಾಹುಗಳ ಮಧ್ಯಬಿಂದುಗಳನ್ನು ಸೇರಿಸುವ ರೇಖಾಖಂಡ ಮೂರನೇ ಬಾಹುವಿಗೆ ಸಮಾಂತರ, ಮತ್ತು ಅದರ ಅರ್ಧದಷ್ಟು.

ಪ್ರಮೇಯ ಬರೆಯುವ ಕ್ರಮ ಎಲ್ಲದರಲ್ಲೂ ಒಂದೇ: ದತ್ತ, ಸಾಧನೀಯ, ರಚನೆ, ಸಾಧನೆ. ಒಂದೊಂದೇ ಪುಸ್ತಕ ತೆಗೆದು ಆ ಒಂದು ಸಾಲಿನ ಮೇಲೆ ಬೆರಳಿಟ್ಟು ನೋಡಿದೆ. ಕೆಂಪು ಪೆನ್ನು ಕೈಯಲ್ಲೇ ಇತ್ತು. ಒಂದು ಲೆಕ್ಕವನ್ನೂ ತಿದ್ದಲಿಲ್ಲ. ಹನ್ನೆರಡೂವರೆ ಹೊತ್ತಿಗೆ 'ಅರ್ದ' ಎಂದು ಬರೆದ ನಾಲ್ಕು ಪುಸ್ತಕಗಳು ಬೇರೆಯಾದವು. ಅವುಗಳಲ್ಲಿ ಒಂದರಲ್ಲಿ ವಾಕ್ಯದ ಕೊನೆಗೆ ಎರಡೆರಡು ಚುಕ್ಕಿ. ಪೆನ್ನು ಒತ್ತಿ ಇಟ್ಟ ಚುಕ್ಕಿಗಳು, ಹಿಂದಿನ ಪುಟದಲ್ಲೂ ಉಬ್ಬಿ ಕಾಣುತ್ತಿದ್ದವು. ಹೆಸರು ನೋಡಿದೆ. ಹಿಂದಿನಿಂದ ಎರಡನೇ ಬೆಂಚಿನ ಹುಡುಗಿ. ಮಾತು ಕಡಿಮೆ, ಅಂಕಗಳೂ ಸಾಧಾರಣ. ಸಿಕ್ಕಿಬಿದ್ದಳು ಎಂದು ನನ್ನ ಮನಸ್ಸು ಅಂದುಕೊಂಡಿತು. ಆ ಪದವನ್ನು ನಾನು ಮರೆತಿಲ್ಲ.

ಮರುದಿನ ಅವಳನ್ನು ಬೋರ್ಡಿಗೆ ಕರೆದೆ. ಮಧ್ಯಬಿಂದು ಪ್ರಮೇಯ ಸಾಧಿಸು ಎಂದೆ. ತ್ರಿಭುಜ ಎಳೆದಳು. ಎರಡು ಬಾಹುಗಳ ಮೇಲೆ ಡಿ, ಇ ಗುರುತಿಸಿ ಸೇರಿಸಿದಳು. ಮುಂದೆ ಡಿಇ ರೇಖೆಯನ್ನು ಅಷ್ಟೇ ಉದ್ದಕ್ಕೆ ಎಫ್‌ವರೆಗೆ ವೃದ್ಧಿಸಬೇಕು. ಆ ರಚನೆ ಹೊಳೆಯದಿದ್ದರೆ ಸಾಧನೆ ಅಲ್ಲಿಗೇ ನಿಲ್ಲುತ್ತದೆ. ಅವಳೂ ನಿಂತಳು. ಚಾಕ್‌ಪೀಸ್ ಹಿಡಿದ ಕೈ ಬೋರ್ಡಿನ ಮೇಲೆ ಇತ್ತು, ಇಳಿಸಲೂ ಇಲ್ಲ, ಎಳೆಯಲೂ ಇಲ್ಲ. ನಾನು ತರಗತಿಯ ಹಿಂದೆ ಕೈಕಟ್ಟಿ ನಿಂತಿದ್ದೆ. ನೆರವಿಗೆ ಹೋಗಬೇಕಾದ ಹೊತ್ತು ಅದು. ಹೋಗಲಿಲ್ಲ. "ಯಾಕೆ, ಎರಡು ಸಲ ಹೇಳಿದ್ದೆನಲ್ಲ?" ಎಂದೆ. ಎರಡು ಸಲ ಎಂಬುದನ್ನು ಒತ್ತಿ ಹೇಳಿದೆ.

ತರಗತಿ ಒಮ್ಮೆಲೇ ಸ್ತಬ್ಧವಾಯಿತು. ಹುಡುಗಿ ನನ್ನನ್ನು ನೋಡಿದಳು. ಆ ಮುಖದಲ್ಲಿ ಗಾಬರಿಯಿತ್ತು, ಸಂಗತಿ ಏನೆಂದು ತಿಳಿದ ಲಕ್ಷಣ ಒಂದಿಷ್ಟೂ ಇರಲಿಲ್ಲ. ಅದೇ ಹೊತ್ತಿಗೆ ಕಿಟಕಿ ಪಕ್ಕದ ಬೆಂಚಿನ ಹುಡುಗನೊಬ್ಬ ತಟ್ಟನೆ ತಲೆ ತಗ್ಗಿಸಿ ಪುಸ್ತಕದ ಅಂಚನ್ನು ಕೆರೆಯತೊಡಗಿದ. ಅವನ ನೋಟ್‌ಬುಕ್ಕಿನಲ್ಲಿ 'ಅರ್ಧ' ಸರಿಯಾಗಿಯೇ ಇತ್ತು.

ಬರೆದವನು ಅವನೇ? ಅವಳೇ? ಇನ್ನಾರೋ? ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾದದ್ದು ಬೇರೆ. ಒಂದು ಮಗು ಬರೆದ ನಿಜವಾದ ಮಾತಿಗೆ, ಬಹುಶಃ ಅದನ್ನು ಬರೆಯದೇ ಇದ್ದ ಇನ್ನೊಂದು ಮಗುವನ್ನು ಎಲ್ಲರ ಎದುರು ನಿಲ್ಲಿಸಿದ್ದೆ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಇಂಥ ಜಾಲತಾಣಗಳ ಬಗ್ಗೆ ಓದುತ್ತಾ ಕೂತೆ. ಮೊದಲು ಹುಡುಕಿದ್ದು ನನ್ನ ಪರವಾದ ಸಾಕ್ಷಿಗಳನ್ನೇ, ಸುಳ್ಳು ಹೇಳುವುದಿಲ್ಲ. ಅವು ಬೇಕಾದಷ್ಟು ಸಿಕ್ಕವು. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಮೆರಿಕದ ವಾಯುಪಡೆ ಅಕಾಡೆಮಿಯದು. ಅಲ್ಲಿ ಯಾವ ವಿದ್ಯಾರ್ಥಿ ಯಾವ ಅಧ್ಯಾಪಕರ ಪಾಲಿಗೆ ಎಂಬುದನ್ನು ವಿದ್ಯಾರ್ಥಿಗಳು ಆರಿಸಿಕೊಳ್ಳುವುದಿಲ್ಲ, ಹಾಗಾಗಿ ಹೋಲಿಕೆ ನ್ಯಾಯವಾದದ್ದು. ಆಗಿನ ಪರೀಕ್ಷೆಯಲ್ಲಿ ಹೆಚ್ಚು ಅಂಕ ಬರುವಂತೆ ಪಾಠ ಹೇಳಿದವರಿಗೆ ವಿದ್ಯಾರ್ಥಿಗಳಿಂದ ಒಳ್ಳೆಯ ಅಭಿಪ್ರಾಯ ಸಿಕ್ಕಿತ್ತು. ಆದರೆ ಅದೇ ವಿದ್ಯಾರ್ಥಿಗಳು ಮುಂದಿನ ಹಂತದ ಗಣಿತದಲ್ಲಿ ಹಿಂದೆ ಬಿದ್ದಿದ್ದರು. 2015ರ ಇನ್ನೊಂದು ಸಣ್ಣ ಪ್ರಯೋಗದಲ್ಲಿ ಮುಖ ಕಾಣದ ಆನ್‌ಲೈನ್ ತರಗತಿಗಳಲ್ಲಿ ಬೋಧಕರ ಹೆಸರನ್ನು ಅದಲು ಬದಲು ಮಾಡಿದ್ದರು. ತಿದ್ದಿದ ಕೆಲಸವನ್ನು ಎಲ್ಲ ಗುಂಪುಗಳಿಗೂ ಒಂದೇ ವೇಳೆಗೆ ಹಿಂದಿರುಗಿಸಿದ್ದರೂ ಸಮಯಪಾಲನೆಗೆ ವಿದ್ಯಾರ್ಥಿಗಳು ಕೊಟ್ಟದ್ದು ಗಂಡಸಿನ ಹೆಸರಿಗೆ 5ಕ್ಕೆ 4.35, ಹೆಂಗಸಿನ ಹೆಸರಿಗೆ 3.55. ನನ್ನ 'ಕರ್ಕಶ ಧ್ವನಿ'ಯ ನೆನಪಾಗಿ ಅದನ್ನು ಎರಡು ಸಲ ಓದಿದೆ. ಇವೆಲ್ಲ ಕಾಲೇಜು ಮಟ್ಟದ ಓದಿನವು, ಶಾಲೆಯವಲ್ಲ. ಆದರೂ ಮನಸ್ಸಿಗೆ ಸಮಾಧಾನವಾಗತೊಡಗಿತ್ತು.

ಆಮೇಲೆ ಜರ್ಮನಿಯ ಪ್ರಕರಣ ಕಣ್ಣಿಗೆ ಬಿತ್ತು. ಅಲ್ಲಿ ಸ್ಪಿಕ್‌ಮಿಶ್ ಎಂಬ ತಾಣದಲ್ಲಿ ಮಕ್ಕಳು ಶಿಕ್ಷಕರಿಗೆ ತಮ್ಮ ಶಾಲೆಯ ಲೆಕ್ಕದಲ್ಲೇ, 1ರಿಂದ 6ರವರೆಗೆ ಅಂಕ ಕೊಡುತ್ತಿದ್ದರು. ಒಬ್ಬ ಶಿಕ್ಷಕಿಗೆ 4.3 ಬಂದಿತ್ತು. ಇಷ್ಟು ಒಳ್ಳೆಯ ಅಂಕಕ್ಕೆ ಇವರು ಕೋರ್ಟಿಗೇಕೆ ಹೋದರು ಎಂದುಕೊಂಡೆ. ಅಲ್ಲಿ 1 ಎಂದರೆ ಉತ್ತಮ, 6 ಎಂದರೆ ಕಳಪೆ ಎಂದು ಆಮೇಲೆ ತಿಳಿದು, ಆ ಹೆಂಗಸಿನ ಬಗ್ಗೆ ಸಂಕಟವಾಯಿತು. ಹೆಸರು ತೆಗೆಸಬೇಕೆಂದು ಆಕೆ ಹೂಡಿದ ದಾವೆ ಮೇಲಿನ ಕೋರ್ಟಿನವರೆಗೂ ಹೋಯಿತು. ಜೂನ್ 2009ರಲ್ಲಿ ಆಕೆ ಸೋತರು. ಫ್ರಾನ್ಸಿನಲ್ಲಿ ಅದಕ್ಕೆ ಒಂದು ವರ್ಷ ಮೊದಲು, ಮಾರ್ಚ್ 2008ರಲ್ಲಿ, ಅಂಥದ್ದೇ ಇನ್ನೊಂದು ತಾಣದಿಂದ ಶಿಕ್ಷಕರ ಹೆಸರುಗಳನ್ನು ತೆಗೆಯಬೇಕೆಂದು ಪ್ಯಾರಿಸ್ ನ್ಯಾಯಾಲಯ ಆದೇಶಿಸಿತ್ತು. ನಾನಾಗಿದ್ದರೆ ಪ್ಯಾರಿಸ್ಸಿನವರನ್ನೇ ಒಪ್ಪುತ್ತಿದ್ದೆ, ಜರ್ಮನ್ ತೀರ್ಪಿನ ಒಂದು ಮಾತು ಓದುವವರೆಗೆ. ಅಭಿಪ್ರಾಯ ಹೇಳುವವರು ತಮ್ಮ ಹೆಸರನ್ನೂ ಹೇಳಲೇಬೇಕೆಂದರೆ, ಸೇಡು ತೀರಿಸಿಕೊಂಡಾರೆಂಬ ಭಯಕ್ಕೆ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ ಎಂಬ ಅರ್ಥದ ಮಾತು ಅದು.

ಓದುವಾಗ ಆ ಹುಡುಗಿಯ ನೋಟ್‌ಬುಕ್ಕು ಮೇಜಿನ ಮೇಲೇ ಇತ್ತು.

ಹೆಸರಿಲ್ಲದೆ ಬರೆಯುವುದು ಹೇಡಿತನ ಎಂದು ಅವತ್ತು ಮಧ್ಯಾಹ್ನ ತಾನೇ ಸ್ಟಾಫ್ ರೂಮಿನಲ್ಲಿ ಎಲ್ಲರಿಗಿಂತ ಜೋರಾಗಿ ಹೇಳಿದ್ದವಳು ನಾನು. ಆ ಮಕ್ಕಳಿಗೆ ಅಂಕ ಕೊಡುವ ಪೆನ್ನು ನನ್ನ ಕೈಯಲ್ಲಿದೆ. ಬೋರ್ಡಿಗೆ ಕರೆಯುವ ಅಧಿಕಾರ ನನ್ನದು. ಹೆಸರು ಹೇಳಿದ್ದರೆ ಏನಾಗುತ್ತಿತ್ತು ಎಂದು ಊಹಿಸುವ ಅಗತ್ಯವೇ ಇರಲಿಲ್ಲ, ಹೇಳದಿದ್ದಾಗಲೇ ನಾನು ಮಾಡಿ ತೋರಿಸಿದ್ದೆ. ಹಾಗೆಂದು ಆ ತಾಣ ನನಗೆ ಈಗಲೂ ಒಪ್ಪಿಗೆಯಿಲ್ಲ. ಶಾಲೆಯ ಹೊರಗಿನ ಯಾರು ಬೇಕಾದರೂ ವಿದ್ಯಾರ್ಥಿ ಎಂದುಕೊಂಡು ಬರೆಯಬಹುದು. ಇಪ್ಪತ್ತೆರಡು ವರ್ಷದ ಹೊಸ ಟೀಚರ್ ಒಬ್ಬಳ ಮೊದಲ ವರ್ಷದ ತಪ್ಪುಗಳು ಅಲ್ಲಿ ಎಷ್ಟು ಕಾಲ ಇರುತ್ತವೋ. 'ಅರ್ಥ ಆಗಲಿಲ್ಲ' ಎಂಬ ಮಾತು ಇಡೀ ಲೋಕಕ್ಕೆ ಕೇಳಿಸಿ, ಮತ್ತೊಮ್ಮೆ ಹೇಳಿಕೊಡಬೇಕಾದವಳಿಗೆ ಮಾತ್ರ ಕೇಳಿಸದೇ ಹೋಗುವುದು ಎಂಥ ವ್ಯವಸ್ಥೆ?

ಆದರೆ ಆ ಮಗು ನನ್ನ ಹತ್ತಿರ ಬರುವ ದಾರಿಯನ್ನು ಮುಚ್ಚಿದ್ದು ಜಾಲತಾಣವಲ್ಲ. ಮುಖ ನೋಡೋಕಾಗಲ್ಲ ಎಂದು ಬರೆದದ್ದು ನನ್ನ ಮುಖದ ಬಗ್ಗೆ.

ಸೋಮವಾರ ಬಿ ವಿಭಾಗದಲ್ಲಿ ಪಾಠ ಮಾಡಲಿಲ್ಲ. ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ನಾನು ಪಾಠ ಮಾಡುವಾಗ ನಿಮಗೆ ಏನು ತೊಂದರೆಯಾಗುತ್ತದೆ ಬರೆಯಿರಿ, ಹೆಸರು ಬೇಡ ಎಂದೆ. ಯಾರೂ ಪೆನ್ನು ತೆಗೆಯಲಿಲ್ಲ. ಕೊನೆಗೆ ಮುಂದಿನ ಬೆಂಚಿನವಳೊಬ್ಬಳು ಎದ್ದು, "ಮಿಸ್, ಅಕ್ಷರ ನೋಡಿದ್ರೆ ಯಾರದ್ದು ಅಂತ ನಿಮಗೆ ಗೊತ್ತಾಗುತ್ತಲ್ಲ" ಎಂದಳು. ನನ್ನ ಮುಖಕ್ಕೆ ರಕ್ತ ಏರಿತು. ಅವಳಿಗೆ ನೋಟ್‌ಬುಕ್ಕುಗಳ ವಿಷಯ ಗೊತ್ತಿರಲು ಸಾಧ್ಯವೇ ಇಲ್ಲ. ಹೌದಮ್ಮ, ಗೊತ್ತಾಗುತ್ತೆ ಎಂದೆ. ಹಾಗಾದರೆ ಏನು ಮಾಡೋಣ ಎಂದು ಅವರನ್ನೇ ಕೇಳಿದೆ. ಅವರೇ ದಾರಿ ಹುಡುಕಿದರು: ತಮ್ಮಲ್ಲೇ ಒಬ್ಬರು ಎಲ್ಲ ಚೀಟಿಗಳನ್ನು ಒಂದು ಹಾಳೆಗೆ ಇಳಿಸಿ ಬರೆಯುವುದು, ಚೀಟಿಗಳನ್ನು ಹರಿದುಹಾಕುವುದು, ಅಲ್ಲಿಯವರೆಗೆ ನಾನು ಹೊರಗಿರುವುದು. ಕಾರಿಡಾರಿನಲ್ಲಿ ಇಪ್ಪತ್ತು ನಿಮಿಷ ನಿಂತಿದ್ದೆ. ಒಳಗಿನಿಂದ ಕಾಗದ ಹರಿಯುವ ಸದ್ದು ಕೇಳುತ್ತಿತ್ತು.

ಹಾಳೆ ಕೈಗೆ ಬಂತು. ಹನ್ನೊಂದು ಚೀಟಿಗಳಲ್ಲಿ ಒಂದೇ ಮಾತು: ಬೋರ್ಡಿನ ಕಡೆ ತಿರುಗಿ ಮಾತಾಡಬೇಡಿ. ಆರು ಮಂದಿ, 'ಇದು ಸುಲಭ' ಅನ್ನಬೇಡಿ ಎಂದಿದ್ದರು. ನನಗೆ ಸುಲಭವೆನಿಸದಿದ್ದರೆ ನಾನು ದಡ್ಡ ಅನ್ನಿಸುತ್ತದೆ ಎಂದು ಒಬ್ಬರು ಸೇರಿಸಿದ್ದರು. ಈ ಎರಡನೆಯದು ಆ ತಾಣದಲ್ಲಿ ಎಲ್ಲೂ ಇರಲಿಲ್ಲ. ನಕ್ಷತ್ರಗಳಲ್ಲಿ ಅದನ್ನು ಹೇಳುವುದು ಹೇಗೆ?

ಈಗ ಅರ್ಧ ಸಾಲು ಬರೆದು ಚಾಕ್‌ಪೀಸ್ ಕೆಳಗಿಟ್ಟು, ತಿರುಗಿ ನಿಂತು ಮಾತಾಡುತ್ತೇನೆ. ಕೈಯಲ್ಲಿದ್ದರೆ ಮತ್ತೆ ಬೋರ್ಡು ಕರೆಯುತ್ತದೆ. ಪಾಠ ನಿಧಾನವಾಗಿದೆ, ಸಿಲಬಸ್ ಒಂದು ವಾರ ಹಿಂದಿದೆ. ಆ ಹುಡುಗಿಯನ್ನು ಕಾರಿಡಾರಿನಲ್ಲಿ ಒಬ್ಬಳೇ ಇದ್ದಾಗ ನಿಲ್ಲಿಸಿ, ಅವತ್ತು ನಿನ್ನನ್ನು ಹಾಗೆ ನಿಲ್ಲಿಸಿದ್ದು ನನ್ನದೇ ತಪ್ಪು ಎಂದೆ. "ಪರವಾಗಿಲ್ಲ ಮಿಸ್" ಎಂದಳು, ನೆಲ ನೋಡುತ್ತಾ.

ಅವಳು ಈಗಲೂ ಕೈ ಎತ್ತುವುದಿಲ್ಲ. ಸಂಶಯ ಬಂದರೆ ಪಕ್ಕದವಳ ಕಿವಿಯಲ್ಲಿ ಹೇಳುತ್ತಾಳೆ. ಪಕ್ಕದವಳು ಎದ್ದು ನನ್ನನ್ನು ಕೇಳುತ್ತಾಳೆ. ನಾನು ಪಕ್ಕದವಳಿಗೇ ಉತ್ತರ ಹೇಳುತ್ತೇನೆ, ಇಬ್ಬರಿಗೂ ಕೇಳುವ ಹಾಗೆ.