ಫಾಲ್ಸ್ ಸೀಲಿಂಗ್ ಒಡೆಯದೆ ಕೇಬಲ್ ಎಳೆಯೋದು

ಸೀಲಿಂಗ್ ಒಳಗೆ ಕೇಬಲ್ ಎಳೆಯೋದು ಹೇಗೆ ಅಂತ ಯೂಟ್ಯೂಬ್‌ನಲ್ಲಿ ಹುಡುಕಿದರೆ ಸಿಗುವುದು ಹೆಚ್ಚಾಗಿ ಅಮೆರಿಕದ ವಿಡಿಯೋಗಳು. ಅದರಲ್ಲಿ ಒಬ್ಬಾತ ಏಣಿ ಹಾಕಿ ಅಟ್ಟ ಹತ್ತುತ್ತಾನೆ, ಮರದ ತೊಲೆಗಳ ಮಧ್ಯೆ ತೂತು ಕೊರೆಯುತ್ತಾನೆ, ಕೇಬಲ್ ಕೆಳಗೆ ಬಿಡುತ್ತಾನೆ, ಮುಗೀತು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಎಲ್ಲಿಗೆ ಹತ್ತೋದು? ಮೇಲಿರುವುದು ಮೇಲಿನ ಮನೆಯವರ ಹಾಲ್. ನಡುವೆ ಆರ್‌ಸಿಸಿ ಸ್ಲ್ಯಾಬ್. ಸ್ಲ್ಯಾಬಿಗೂ ನಮ್ಮ ಜಿಪ್ಸಂ ಬೋರ್ಡಿಗೂ ಮಧ್ಯೆ ಐದಾರು ಇಂಚಿನ ಸಂದು. ಏನು ಮಾಡಿದರೂ ಆ ಸಂದಿನಲ್ಲೇ, ಅದೂ ಕೆಳಗೆ ಸ್ಟೂಲ್ ಮೇಲೆ ನಿಂತು.

ನಮ್ಮ ಮನೆಯಲ್ಲಿ ಇಂಟರ್ನೆಟ್ಟಿನ ಫೈಬರ್ ಬಂದು ನಿಲ್ಲುವುದು ಮುಂಬಾಗಿಲ ಪಕ್ಕ, ಕೆಲಸ ಮಾಡುವ ರೂಮು ಇನ್ನೊಂದು ತುದಿಯಲ್ಲಿ. ಮಧ್ಯೆ ಕಾಂಕ್ರೀಟ್ ಬ್ಲಾಕಿನ ಗೋಡೆಗಳು. 5 ಗಿಗಾಹರ್ಟ್ಸ್ ವೈಫೈ ಅಲ್ಲಿಗೆ ತಲುಪುವಷ್ಟರಲ್ಲಿ ಸುಸ್ತಾಗಿರುತ್ತದೆ. ಒಂದು ಕ್ಯಾಟ್ 6 ಕೇಬಲ್ (ಇಂಟರ್ನೆಟ್ ಸಾಗಿಸುವ ನೆಟ್ವರ್ಕ್ ಕೇಬಲ್) ಎಳೆದರೆ ಸಾಕು ಅಂತ ಎಲೆಕ್ಟ್ರಿಷಿಯನ್‌ನ ಕರೆದೆ. ಆತ ಒಂದು ಸಲ ಮೇಲೆ ನೋಡಿ, "ಸೀಲಿಂಗ್ ಕಟ್ ಮಾಡ್ಬೇಕು ಸಾರ್. ಬೇಡ ಅಂದ್ರೆ ಗೋಡೆ ಮೇಲೆ ಕೇಸಿಂಗ್ ಪಟ್ಟಿ ಹೊಡೀತೀನಿ" ಅಂದ. ಆತ ಹೇಳಿದ್ದರಲ್ಲಿ ಸುಳ್ಳೇನಿಲ್ಲ, ಕತ್ತರಿಸಿದರೆ ಆತನ ಕೆಲಸ ಬೇಗ ಮುಗಿಯುತ್ತದೆ. ಆಮೇಲೆ ತೇಪೆ ಹಾಕಿ, ಪುಟ್ಟಿ ಬಳಿದು, ಹಳೇ ಬಣ್ಣಕ್ಕೆ ಹೊಸ ಬಣ್ಣ ಹೊಂದದೆ ಇಡೀ ಸೀಲಿಂಗ್ ಪೇಂಟ್ ಮಾಡಿಸುವ ಖರ್ಚು ನಮ್ಮದು, ಅಷ್ಟೇ.

ಸೀಲಿಂಗಿಗೆ ಕೈ ಹಾಕುವ ಮೊದಲು ಬಿಲ್ಡರ್ ಹಾಕಿದ ಪೈಪ್ ಇದೆಯಾ ನೋಡಿಕೊಳ್ಳಿ. ಟಿವಿ ಪಾಯಿಂಟ್, ಫೋನ್ ಪಾಯಿಂಟ್ ಅಂತ ರೂಮುಗಳಲ್ಲಿ ಖಾಲಿ ಬಾಕ್ಸ್ ಇದ್ದರೆ ಅದರ ಹಿಂದೆ ಪಿವಿಸಿ ಪೈಪ್ ಇರುತ್ತದೆ. ಅದು ಖಾಲಿಯಿದ್ದರೆ ನಿಮ್ಮ ಅದೃಷ್ಟ. ಒಂದು ಚೂರು ಪ್ಲಾಸ್ಟಿಕ್ ಕವರಿಗೆ ದಾರ ಕಟ್ಟಿ, ಆ ಕಡೆಯಿಂದ ವ್ಯಾಕ್ಯೂಮ್ ಕ್ಲೀನರ್ ಹಿಡಿದರೆ ದಾರ ತಾನೇ ಓಡಿ ಬರುತ್ತದೆ. ನಮ್ಮದರಲ್ಲಿ ಸ್ಲ್ಯಾಬ್ ಹಾಕುವಾಗಲೇ ಸಿಮೆಂಟ್ ಹಾಲು ಇಳಿದು ಗಟ್ಟಿಯಾಗಿತ್ತು. ಗಾಳಿಯೂ ಹೋಗಲಿಲ್ಲ. ಉಳಿದದ್ದು ಸೀಲಿಂಗ್.

ಜಿಪ್ಸಂ ಸೀಲಿಂಗ್ ಒಳಗೆ ಸುಮ್ನೆ ಖಾಲಿ ಜಾಗ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಿಲ್ಲ. ಅದಕ್ಕೊಂದು ದಿಕ್ಕಿದೆ. ಸೀಲಿಂಗ್ ಕೆಲಸದವರು 'ಇಂಟರ್' ಅನ್ನುವ ಜಿಐ ಚಾನೆಲ್‌ಗಳು ಮೇಲೆ, ಸುಮಾರು ನಾಲ್ಕು ಅಡಿಗೊಂದರಂತೆ ಸ್ಲ್ಯಾಬಿನಿಂದ ತೂಗುತ್ತವೆ. ಅವುಗಳ ಕೆಳಗೆ, ಅವಕ್ಕೆ ಅಡ್ಡಲಾಗಿ, 'ಸೆಕ್ಷನ್' ಅನ್ನುವ ಪಟ್ಟಿಗಳು ಒಂದೂವರೆ ಅಡಿಗೊಂದು. ಬೋರ್ಡನ್ನು ಸ್ಕ್ರೂ ಹಾಕಿ ಕೂರಿಸುವುದು ಈ ಸೆಕ್ಷನ್‌ಗೆ. ಸೆಕ್ಷನ್‌ನ ಎತ್ತರ ಸುಮಾರು ಒಂದು ಇಂಚು. ಅಂದರೆ ಸೆಕ್ಷನ್‌ನ ಉದ್ದಕ್ಕೆ ಕೇಬಲ್ ಎಳೆಯಲು ಬಳಸುವ ರಾಡ್ ತಳ್ಳಿದರೆ ಅದು ಬೋರ್ಡಿನ ಮೇಲೆ ಜಾರುತ್ತಾ, ಅಡ್ಡ ಬಂದ ಇಂಟರ್‌ಗಳ ಕೆಳಗಿನ ಒಂದು ಇಂಚು ಸಂದಿನಲ್ಲಿ ನುಸುಳಿ ಹೋಗುತ್ತದೆ. ಅಡ್ಡಕ್ಕೆ ತಳ್ಳಿದರೆ ಪ್ರತಿ ಒಂದೂವರೆ ಅಡಿಗೆ ಒಂದು ದಿಣ್ಣೆ ಹತ್ತಿ ಇಳಿಯಬೇಕು. ಉತ್ತ ಹೊಲದಲ್ಲಿ ಸಾಲು ಹಿಡಿದು ನಡೆಯೋದಕ್ಕೂ ಸಾಲು ದಾಟಿ ನಡೆಯೋದಕ್ಕೂ ಎಷ್ಟು ವ್ಯತ್ಯಾಸವೋ ಅಷ್ಟು.

ಬಣ್ಣ ಬಳಿದ ಸೀಲಿಂಗಿನಲ್ಲಿ ಈ ದಿಕ್ಕು ಕಾಣುವುದಿಲ್ಲ, ಆದರೆ ಕಂಡುಹಿಡಿಯೋದು ಸುಲಭ. ಹಳೇ ಹಾರ್ಡ್ ಡಿಸ್ಕಿನದೋ ಪರ್ಸಿನ ಗುಂಡಿಯದೋ ಒಂದು ಸಣ್ಣ ಗಟ್ಟಿ ಮ್ಯಾಗ್ನೆಟ್ ಬಟ್ಟೆಯಲ್ಲಿ ಸುತ್ತಿ ಸೀಲಿಂಗ್ ಮೇಲೆ ಮೆಲ್ಲಗೆ ಆಡಿಸಿ. ಪುಟ್ಟಿಯ ಹಿಂದಿರುವ ಸ್ಕ್ರೂಗೆ ಅದು ಟಕ್ಕಂತ ಕಚ್ಚಿಕೊಳ್ಳುತ್ತದೆ. ಅಲ್ಲಿ ಪೆನ್ಸಿಲ್‌ನಲ್ಲಿ ಒಂದು ಚುಕ್ಕಿ. ಐದಾರು ಚುಕ್ಕಿ ಆಗುವಷ್ಟರಲ್ಲಿ ಸಾಲು ಎದ್ದು ಕಾಣುತ್ತದೆ. ಬೋರ್ಡಿನ ಅಂಚಿನಲ್ಲೂ ಸ್ಕ್ರೂ ಇರುತ್ತವೆ, ಆದ್ದರಿಂದ ಒಂದೇ ಸಾಲು ನೋಡಿ ನಿರ್ಧರಿಸಬೇಡಿ. ಪಕ್ಕದ ಸಾಲು ಒಂದೂವರೆ ಅಡಿ ದೂರದಲ್ಲಿ ಸಿಕ್ಕಿದರೆ ಅದೇ ಸೆಕ್ಷನ್.

ಇನ್ನು ಒಳಗೆ ಹೋಗುವ ದಾರಿ. ಅದು ಈಗಾಗಲೇ ಇದೆ, ಲೈಟ್ ರೂಪದಲ್ಲಿ. ಎಲ್‌ಇಡಿ ಡೌನ್‌ಲೈಟುಗಳನ್ನು ಹಿಡಿದಿರುವುದು ಎರಡು ಸ್ಪ್ರಿಂಗ್ ಕ್ಲಿಪ್ ಮಾತ್ರ. ಕೆಳಗೆ ಎಳೆದರೆ ಬರುತ್ತವೆ (ಬೆರಳು ಹುಷಾರು, ಆ ಸ್ಪ್ರಿಂಗ್ ಹೊಡೆದರೆ ಚೆನ್ನಾಗೇ ಉರಿಯುತ್ತದೆ). ಆರು ಇಂಚಿನ ಪ್ಯಾನೆಲ್ ಲೈಟ್ ಆದರೆ ಕೈ ಪೂರ್ತಿ ಒಳಗೆ ಹೋಗುತ್ತದೆ. ಮೂರು ಇಂಚಿನ ಸಿಒಬಿ (ಸಣ್ಣ ಸ್ಪಾಟ್ ಲೈಟ್) ಆದರೆ ಬೆರಳುಗಳಷ್ಟೇ. ಕೋವ್ ಲೈಟ್ ಇರುವ ಸೀಲಿಂಗ್ ಆದರೆ ಇನ್ನೂ ಒಳ್ಳೆಯದು, ಸ್ಟ್ರಿಪ್ ಲೈಟ್ ಕೂರಿಸಿರುವ ಆ ತೊಟ್ಟಿಯಲ್ಲೇ ಗೋಡೆ ಸುತ್ತ ಕೇಬಲ್ ಮಲಗಿಸಿಕೊಂಡು ಹೋಗಬಹುದು. ಕೆಳಗಿನಿಂದ ಕಾಣುವುದೇ ಇಲ್ಲ. ಎಷ್ಟೋ ಮನೆಗಳಲ್ಲಿ ಅರ್ಧ ದಾರಿ ಹಾಗೇ ಮುಗಿಯುತ್ತದೆ.

ಲೈಟ್ ಬಿಚ್ಚುವ ಮೊದಲು ಕರೆಂಟ್ ಆಫ್ ಮಾಡಬೇಕು, ಇದನ್ನು ಹೇಳಬೇಕಾ ಅನ್ನಬೇಡಿ. ಲೈಟಿನ ಎಂಸಿಬಿ ಇಳಿಸಿದ ಮಾತ್ರಕ್ಕೆ ಆಗಲಿಲ್ಲ. ಯುಪಿಎಸ್ ಇದ್ದರೆ ಅದರ ಔಟ್‌ಪುಟ್ ಕೂಡ ಬಂದ್ ಮಾಡಿ. ನಮ್ಮ ಮನೆಗಳಲ್ಲಿ ಲೈಟು, ಫ್ಯಾನು ಯುಪಿಎಸ್ ಲೈನಿನಲ್ಲೇ ಇರುತ್ತವೆ, ಮೇನ್ ಇಳಿಸಿದರೆ ಅದು ಕರೆಂಟ್ ಹೋಯ್ತು ಅಂತ ತಿಳಿದು ಬ್ಯಾಟರಿಯಿಂದ 230 ವೋಲ್ಟ್ ಕೊಡಲು ಶುರು ಮಾಡುತ್ತದೆ. ಟೆಸ್ಟರ್ ಇಟ್ಟು ನೋಡಿಯೇ ಮುಟ್ಟಿ. ಸೀಲಿಂಗ್ ಒಳಗಿನ ವೈರಿಂಗ್ ನೋಡಿದರೆ ನಿಮಗೇ ಗೊತ್ತಾಗುತ್ತದೆ: ಪೈಪಿಲ್ಲದೆ ಬಿದ್ದಿರುವ ವೈರು, ಎರಡು ಸುತ್ತು ಟೇಪ್ ಹೊಡೆದ ಜಾಯಿಂಟು, ಆ ಟೇಪೂ ಅರ್ಧ ಬಿಚ್ಚಿಕೊಂಡಿರುತ್ತದೆ. ಅದಕ್ಕೇ ಕೇಬಲ್ ಎಳೆಯಲು ಒಳಗೆ ತೂರಿಸುವ ಸ್ಟೀಲ್ ಫಿಶ್ ವೈರ್ ಬೇಡ ಅನ್ನುತ್ತೇನೆ. ಜಿಐ ತಂತಿಯಂತೂ ಬೇಡವೇ ಬೇಡ. ಫೈಬರ್‌ಗ್ಲಾಸ್ ರಾಡ್ ಸೆಟ್ ಸಿಗುತ್ತದೆ, ಒಂದಕ್ಕೊಂದು ತಿರುಗಿಸಿ ಉದ್ದ ಮಾಡಿಕೊಳ್ಳುವಂಥದ್ದು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೇಳಿ, ಆನ್‌ಲೈನ್‌ನಲ್ಲೂ ಇದೆ. ಕರೆಂಟ್ ಹರಿಯುವುದಿಲ್ಲ, ಸುರುಳಿಯಿಂದ ಬಿಚ್ಚಿದ ತಂತಿಯ ಹಾಗೆ ಮತ್ತೆ ಸುತ್ತಿಕೊಳ್ಳುವುದೂ ಇಲ್ಲ.

ಆ ವಿಡಿಯೋಗಳಲ್ಲಿ ತೋರಿಸುವ ಇನ್ನೊಂದು ಉಪಾಯ ಮ್ಯಾಗ್ನೆಟ್ಟಿನದು. ಸರಪಳಿಯನ್ನೋ ಕಬ್ಬಿಣದ ಚೂರನ್ನೋ ಒಳಗೆ ಬಿಟ್ಟು, ಹೊರಗಿನಿಂದ ಮ್ಯಾಗ್ನೆಟ್ ಹಿಡಿದು ಎಳೆದುಕೊಂಡು ಹೋಗುವುದು. ಮರದ ಚೌಕಟ್ಟಿನ ಗೋಡೆಯಲ್ಲಿ ಸೊಗಸಾಗಿ ನಡೆಯುತ್ತದೆ. ನಮ್ಮದು ಜಿಐ ಫ್ರೇಮ್. ಮ್ಯಾಗ್ನೆಟ್ ಸಿಕ್ಕಸಿಕ್ಕ ಸೆಕ್ಷನ್‌ಗೆಲ್ಲ ಅಂಟಿಕೊಂಡು ಕೂರುತ್ತದೆ. ದುಡ್ಡು ದಂಡ.

ನಿಜವಾಗಿ ಉಪಯೋಗಕ್ಕೆ ಬಂದದ್ದು ಫೋನ್. ವಿಡಿಯೋ ರೆಕಾರ್ಡಿಂಗ್ ಒತ್ತಿ, ಟಾರ್ಚ್ ಆನ್ ಮಾಡಿ, ಲೈಟಿನ ತೂತಿನಿಂದ ಫೋನನ್ನು ಒಳಗೆ ಎತ್ತಿ ನಿಧಾನ ಒಂದು ಸುತ್ತು ತಿರುಗಿಸಿ. ಆಮೇಲೆ ಸೋಫಾ ಮೇಲೆ ಕೂತು ನೋಡಿ. ಇಂಟರ್ ಎಲ್ಲಿದೆ, ಎಸಿಯ ಪೈಪ್ ಎಲ್ಲಿದೆ, ಬೀಮ್ ಎಷ್ಟು ಕೆಳಗೆ ಇಳಿದಿದೆ, ಎಲ್ಲ ಗೊತ್ತಾಗುತ್ತದೆ. ಬೀಮ್ ಸೀಲಿಂಗ್ ಮಟ್ಟದವರೆಗೂ ಇಳಿದಿದ್ದರೆ ಆ ದಾರಿ ಮರೆತುಬಿಡಿ. ಬೀಮಿಗೆ ತೂತು ಕೊರೆಯುವ ಮಾತೇ ಬೇಡ, ಒಳಗಿರುವ ಕಂಬಿ ಇಡೀ ಕಟ್ಟಡದ್ದು.

ತಳ್ಳುವಾಗ ಒಂದೇ ಸಲಕ್ಕೆ ಹಾಲ್ ದಾಟಿಸುವ ಆಸೆ ಬೇಡ. ಒಂದು ಲೈಟಿನಿಂದ ಮುಂದಿನ ಲೈಟಿಗೆ, ಅಲ್ಲಿಂದ ಅದರ ಮುಂದಿನದಕ್ಕೆ. ರಾಡಿನ ತುದಿಗೆ ಸ್ವಲ್ಪ ಬಾಗಿಸಿದ ಕೊಕ್ಕೆ ಸಿಕ್ಕಿಸಿದರೆ ಸೆಕ್ಷನ್‌ಗೆ ತಾಗಿ ನಿಂತಾಗ ಇಲ್ಲಿಂದ ಅರ್ಧ ಸುತ್ತು ತಿರುಗಿಸಬಹುದು, ತುದಿ ಮೇಲಕ್ಕೆದ್ದು ದಾಟುತ್ತದೆ. ಆ ಕಡೆ ಇನ್ನೊಬ್ಬರು ಇರಲೇಬೇಕು. ನನಗೆ ನನ್ನ ಬಾಮೈದ ಸಿಕ್ಕಿದ್ದ. "ಭಾವ, ಸದ್ದು ಬಲಗಡೆಯಿಂದ ಬರ್ತಿದೆ, ಇನ್ನೂ ಈಚೆ, ಈಚೆ..." ಅಂತ ತೂತಿಗೆ ಕಿವಿ ಕೊಟ್ಟು ದಾರಿ ಹೇಳುತ್ತಿದ್ದ. ಬೋರ್ಡಿನ ಮೇಲೆ ರಾಡ್ ಉಜ್ಜುವ ಸದ್ದು ಕೆಳಗೆ ಚೆನ್ನಾಗಿ ಕೇಳಿಸುತ್ತದೆ.

ರಾಡ್ ಆ ಕಡೆ ತಲುಪಿದ ಮೇಲೆ ಅದಕ್ಕೆ ಮೊದಲು ನೈಲಾನ್ ದಾರ ಕಟ್ಟಿ ಎಳೆದುಕೊಳ್ಳಿ, ಆಮೇಲೆ ದಾರಕ್ಕೆ ಕೇಬಲ್. ಆರ್‌ಜೆ 45 ಕನೆಕ್ಟರ್ (ಕೇಬಲ್ ತುದಿಯ ಪ್ಲಗ್) ಮೊದಲೇ ಕ್ರಿಂಪ್ ಮಾಡಿರಬೇಡಿ, ಅಂದರೆ ಒತ್ತಿ ಕೂರಿಸಿರಬೇಡಿ, ಅದರ ಮೂತಿ ಎಲ್ಲೆಲ್ಲೂ ಸಿಕ್ಕಿಹಾಕಿಕೊಳ್ಳುತ್ತದೆ. ಕೇಬಲ್ ತುದಿಯ ಹೊದಿಕೆ ಬಿಡಿಸಿ, ಎರಡು ಎಳೆ ಉಳಿಸಿ ಮಿಕ್ಕಿದ್ದು ಕತ್ತರಿಸಿ, ಆ ಎರಡನ್ನು ದಾರಕ್ಕೆ ಗಂಟು ಹಾಕಿ ಟೇಪ್ ಸುತ್ತಿ. ತುದಿ ಚೂಪಾಗಿರಬೇಕು. ಒಬ್ಬರು ಎಳೆಯುವಾಗ ಇನ್ನೊಬ್ಬರು ಈ ಕಡೆಯಿಂದ ಕೇಬಲ್ ಉಣಿಸುತ್ತಾ ಇರಬೇಕು. ಕ್ಯಾಟ್ 6ಗೆ ಎಳೆತದ ಮಿತಿ ಸುಮಾರು 11 ಕೆಜಿ. ಅದಕ್ಕಿಂತ ಜಾಸ್ತಿ ಜಗ್ಗಿದರೆ ಒಳಗಿನ ತಂತಿ ಜೋಡಿಗಳ ತಿರುಚು ಹಾಳಾಗುತ್ತದೆ. ಸಿಕ್ಕಿಕೊಂಡರೆ ಹಿಂದೆ ಬಿಟ್ಟು ಮತ್ತೆ ಎಳೆಯಿರಿ. ಕೇಬಲ್ ಜೊತೆಗೇ ಇನ್ನೊಂದು ದಾರ ಎಳೆದು ಒಳಗೇ ಬಿಟ್ಟುಬಿಡಿ, ನಾಳೆ ಕ್ಯಾಮೆರಾ ಹಾಕಿಸೋಣ ಅಂತ ಮನೆಯಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ಕರೆಂಟ್ ವೈರಿನ ಜೊತೆ ಮಾತ್ರ ಕಟ್ಟಬೇಡಿ. ದಾಟಲೇಬೇಕಾದರೆ ನೇರ ಅಡ್ಡಕ್ಕೆ ದಾಟಲಿ. ಲೈಟಿನ ಡ್ರೈವರ್ (ಅದಕ್ಕೆ ಕರೆಂಟ್ ಕೊಡುವ ಪುಟ್ಟ ಡಬ್ಬಿ) ಬಿಸಿಯಾಗುತ್ತದೆ, ಅದರ ಮೇಲೂ ಮಲಗಿಸಬೇಡಿ.

ರೂಮಿಂದ ರೂಮಿಗೆ ಗೋಡೆ ದಾಟುವುದೇ ತಲೆನೋವು. ಲೈಟಿನ ತೂತಿನೊಳಗೆ ಡ್ರಿಲ್ ಹೋಗುವುದಿಲ್ಲ. ನಾನು ಸೀಲಿಂಗಿನ ಕೆಳಗೇ, ಕರ್ಟನ್ ಪೆಲ್ಮೆಟ್ ಮರೆಯಲ್ಲಿ, 12 ಎಂಎಂ ಬಿಟ್‌ನಲ್ಲಿ ಗೋಡೆ ಕೊರೆದು ಆ ಕಡೆ ವಾರ್ಡ್‌ರೋಬಿನ ಲಾಫ್ಟ್ ಒಳಗೆ ಹೊರಡಿಸಿದೆ. ಒಳಗೇ ದಾಟಿಸಬೇಕು ಅನ್ನುವ ಹಠ ಇದ್ದರೆ ಗೋಡೆ ಪಕ್ಕ ಸೀಲಿಂಗಿಗೆ ದೊಡ್ಡ ತೂತು ಮಾಡಿ, ಆಮೇಲೆ ಅಲ್ಲೊಂದು ಹೊಸ ಪ್ಯಾನೆಲ್ ಲೈಟ್ ಕೂರಿಸಿಬಿಡಿ. ತೇಪೆಗಿಂತ ಲೈಟ್ ಅಗ್ಗ.

ಕೊನೆಗೆ ಎರಡೂ ತುದಿ ಕ್ರಿಂಪ್ ಮಾಡಿ ಲ್ಯಾಪ್‌ಟಾಪಿಗೆ ಹಾಕಿ ನೋಡಿ. ಲಿಂಕ್ ಸ್ಪೀಡ್ 1 ಜಿಬಿಪಿಎಸ್ ತೋರಿಸಬೇಕು. 100 ಎಂಬಿಪಿಎಸ್‌ಗೆ ನಿಂತರೆ ಹೆಚ್ಚಾಗಿ ನಾಲ್ಕು ಜೋಡಿಯಲ್ಲಿ ಯಾವುದೋ ಒಂದು ಸರಿಯಾಗಿ ಕೂತಿಲ್ಲ ಅಂತ ಅರ್ಥ. ಸೀಲಿಂಗನ್ನು ಬೈಯುವ ಮೊದಲು ಕನೆಕ್ಟರ್ ಕತ್ತರಿಸಿ ಹೊಸದು ಹಾಕಿ. ಎರಡೂ ಕಡೆ ಎರಡೆರಡು ಅಡಿ ಕೇಬಲ್ ಜಾಸ್ತಿ ಬಿಟ್ಟಿರಿ ಅನ್ನುವುದು ಇದಕ್ಕೇ.