ಫೋನ್ಸವಾನಿನ ಚಮಚ

ಲಾವೋಸಿನ ಫೋನ್ಸವಾನ್‌ಗೆ ನಾವು ಹೋಗಿದ್ದು ಕಲ್ಲಿನ ಜಾಡಿಗಳನ್ನು ನೋಡಲು. ಪ್ರಾಚೀನ ಕಾಲದ ಆ ದೊಡ್ಡ ಜಾಡಿಗಳು ಹರಡಿರುವ ಬಯಲು 2019ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಆದರೆ ಊರಲ್ಲಿ ಮೊದಲು ಕಣ್ಣಿಗೆ ಬಿದ್ದಿದ್ದು ಬಾಂಬು. ಗೆಸ್ಟ್‌ಹೌಸಿನ ಬಾಗಿಲ ಎರಡೂ ಪಕ್ಕ ಖಾಲಿ ಬಾಂಬಿನ ಕವಚ ನಿಲ್ಲಿಸಿದ್ದರು. ಒಂದರಲ್ಲಿ ಹೂವಿನ ಗಿಡ! ಹಳ್ಳಿಗಳ ಕಡೆ ಅದೇ ಕವಚ ಮನೆಗೆ ಕಂಬ, ಬೇಲಿಗೆ ಗೂಟ. ಎರಡು ದಿನ ಇದನ್ನೇ ನೋಡಿದರೆ ಭಯ ಹೋಗಿಬಿಡುತ್ತದೆ. ಎಡವಟ್ಟು ಶುರುವಾಗುವುದೇ ಅಲ್ಲಿ.

ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1964ರಿಂದ 1973ರವರೆಗೆ, ಅಮೆರಿಕದ ವಿಮಾನಗಳು ಈ ದೇಶದ ಮೇಲೆ 20 ಲಕ್ಷ ಟನ್ನಿಗೂ ಜಾಸ್ತಿ ಬಾಂಬ್ ಸುರಿದವು. ಕ್ಲಸ್ಟರ್ ಬಾಂಬು ಆಕಾಶದಲ್ಲೇ ಬಿಚ್ಚಿಕೊಂಡು ಸಣ್ಣ ಬಾಂಬುಗಳನ್ನು ಚೆಲ್ಲುತ್ತದೆ. ಆ ಮರಿಗಳೇ ಸುಮಾರು 27 ಕೋಟಿ. ಅದರಲ್ಲಿ 8 ಕೋಟಿಯಷ್ಟು ಸಿಡಿಯದೆ ಉಳಿದವು ಎಂಬ ಅಂದಾಜಿದೆ. ಇಲ್ಲಿಯವರು ಅವನ್ನು ‘ಬಾಂಬಿ’ ಎನ್ನುತ್ತಾರೆ. ಟೆನಿಸ್ ಚೆಂಡಿನಷ್ಟು ಗಾತ್ರ. ಮಕ್ಕಳು ಆಟಿಕೆ ಅಂದುಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಜಾಡಿಗಳ ನಡುವಿನ ದಾರಿಯಲ್ಲಿ ಕೆಂಪು–ಬಿಳಿ ಗುರುತಿನ ಕಲ್ಲುಗಳಿವೆ. ಬಿಳಿ ಕಡೆ ನೆಲದೊಳಗೂ ಶೋಧಿಸಿದ ಜಾಗ. ಕೆಂಪು ಕಡೆ ಮೇಲ್ಮೈ ಮಾತ್ರ. ನನ್ನ ಗೆಳೆಯ ಫೋಟೊ ತೆಗೆಯುತ್ತಾ ಕೆಂಪು ಕಡೆಗೆ ಸರಿದ. ಹುಲ್ಲಿನಲ್ಲಿ ತುಕ್ಕು ಹಿಡಿದ ಗುಂಡನೆಯ ಏನೋ ಕಂಡಿತು. ಬಗ್ಗಿದ.

“ಮುಟ್ಟಬೇಡಿ!” ಗೈಡ್ ಕೂಗಿದ ರಭಸಕ್ಕೆ ನಾನೇ ಬೆಚ್ಚಿದೆ.

“ಐವತ್ತು ವರ್ಷದ ಮೇಲಾಯ್ತಲ್ಲ, ಇನ್ನೇನು ಸಿಡಿಯುತ್ತೆ?” ಎಂದ ಗೆಳೆಯ.

ಗೈಡ್ ಅವನನ್ನು ಬಂದ ಹೆಜ್ಜೆಯಲ್ಲೇ ವಾಪಸ್ ಕರೆಸಿದ. ಆಮೇಲೆ ಸಮಾಧಾನವಾಗಿ ವಿವರಿಸಿದ. ಬೀಳುವಾಗ ಗಿರಗಿರ ತಿರುಗಿದರೆ ಬಾಂಬಿಯ ಫ್ಯೂಸ್, ಅಂದರೆ ಅದನ್ನು ಸಿಡಿಸುವ ಕೀಲು, ಸಜ್ಜಾಗುತ್ತದೆ. ಸಜ್ಜಾಗಿಯೂ ಸಿಡಿಯದೆ ಬಿದ್ದದ್ದನ್ನು ಎತ್ತಿ ಅಲುಗಿಸಿದರೆ ಅದು ಏನು ಮಾಡುತ್ತದೋ ಯಾರೂ ಹೇಳಲಾರರು. ಒಳಗೆ ನೂರಾರು ಉಕ್ಕಿನ ಗುಂಡುಗಳಿರುತ್ತವೆ. ಹೊರಗಿನ ತಗಡಿಗೆ ತುಕ್ಕು ಹಿಡಿದರೂ ಒಳಗಿನ ಮದ್ದು ಇನ್ನೂ ಸಿಡಿಯಬಲ್ಲದು. ಹುಲ್ಲಲ್ಲಿದ್ದದ್ದು ಡಬ್ಬಿಯ ಮುಚ್ಚಳವೋ ಏನೋ, ಗೊತ್ತಾಗಲಿಲ್ಲ. ಗೈಡ್ ಜಾಗದ ಗುರುತು ಹೇಳಿ ಯಾರಿಗೋ ಫೋನ್ ಮಾಡಿದ.

ಗೆಳೆಯನಿಗೆ ಬ್ಯಾಗಿನಲ್ಲಿ ಹಾಕಿಕೊಳ್ಳುವ ಆಸೆ ಇತ್ತಂತೆ. ನಗಬೇಡಿ. 2022ರ ಏಪ್ರಿಲ್‌ನಲ್ಲಿ ಅಮೆರಿಕದ ಒಂದು ಕುಟುಂಬ ಗೋಲನ್ ಬೆಟ್ಟದಲ್ಲಿ ಸಿಕ್ಕ ಸಿಡಿಯದ ಶೆಲ್ ಅನ್ನು ನೆನಪಿಗೆಂದು ಇಸ್ರೇಲಿನ ಬೆನ್ ಗುರಿಯನ್ ವಿಮಾನ ನಿಲ್ದಾಣಕ್ಕೇ ತಂದಿತ್ತು. ಅಲ್ಲಿದ್ದ ಜನ ದಿಕ್ಕಾಪಾಲಾಗಿ ಓಡಿದ್ದರು.

ಸಂಜೆ ಬಾನ್ ನಾಪಿಯಾ ಹಳ್ಳಿಗೆ ಹೋದೆವು. ಯುದ್ಧದ ಅಲ್ಯೂಮಿನಿಯಂ ಕರಗಿಸಿ ಅಚ್ಚಿಗೆ ಹೊಯ್ದು ಚಮಚ, ಬಳೆ ಮಾಡುತ್ತಾರೆ. ಕರಗಿದ ಲೋಹ ಸಿಡಿಯುವುದಿಲ್ಲ, ಸರಿ. ಆದರೆ ಹೊಲದಿಂದ ಅದನ್ನು ಹೆಕ್ಕಿ ತಂದವರು ಯಾರು? ಗುಜರಿ ಹೆಕ್ಕಲು ಹೋಗಿ ಕೈಕಾಲು ಕಳೆದುಕೊಂಡವರು ಈ ದೇಶದಲ್ಲಿ ಕಡಿಮೆಯೇನಿಲ್ಲ. ಕೊಳ್ಳದಿದ್ದರೆ ಈ ಮನೆಯವರ ದುಡಿಮೆಗೆ ಪೆಟ್ಟು, ಅದೂ ನಿಜವೇ.

ಚಮಚ ತುಂಬ ಹಗುರವಾಗಿತ್ತು. ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದು ವಾಪಸ್ ಇಟ್ಟೆ. ಗೆಳೆಯ ಮೂರು ಕೊಂಡ.