ಗಂಟು ಕೆಳಗೆ, ತಪ್ಪು ಮೇಲೆ

ಮೇಲಿಂದ ನೋಡಿದರೆ ಹೊಲಿಗೆ ಚೆನ್ನಾಗಿಯೇ ಇತ್ತು. ನಾನು ಮೋಸ ಹೋಗಿದ್ದೂ ಅದರಿಂದಲೇ. ಹೊಲಿಗೆ ಮೆಷಿನ್ನಿನಲ್ಲಿ ಬಳ್ಳಿಯ ಹಾಗೆ ಸುತ್ತಿ ಸುತ್ತಿ ಒಂದು ಗಂಟೆ ಹೊಲಿದು, ಖುಷಿಯಿಂದ ಕ್ವಿಲ್ಟ್ (ಕೌದಿಯಂಥ ಪದರದ ಹೊದಿಕೆ) ಮಗುಚಿದೆ. ಹಿಂಬದಿಯಲ್ಲಿ ಬಾಚಣಿಗೆಗೆ ಸುತ್ತಿಕೊಂಡ ಕೂದಲಿನ ಹಾಗೆ ಬರೀ ಸಿಕ್ಕು.

ಸಿಕ್ಕು ಕೆಳಗಿದೆ ಅಂದಮೇಲೆ ತಪ್ಪು ಕೆಳಗಿನ ದಾರ ಸುತ್ತಿದ ಪುಟ್ಟ ಉರುಳೆ ಬಾಬಿನ್‌ನದ್ದೇ, ಅಲ್ವಾ? ನಾನು ಹಾಗೇ ಅಂದುಕೊಂಡೆ. ಬಾಬಿನ್ ಕೂರುವ ಡಬ್ಬಿ, ಅಂದರೆ ಬಾಬಿನ್ ಕೇಸ್, ಹೊರಗೆ ತೆಗೆದು ಕೆಳಗಿನ ದಾರದ ಬಿಗಿತ ಹೊಂದಿಸುವ ಅದರ ಪುಟ್ಟ ಸ್ಕ್ರೂ ಬಿಗಿ ಮಾಡಿದೆ. ಸಾಲದು ಅನ್ನಿಸಿ ಇನ್ನೊಂದಿಷ್ಟು ತಿರುಗಿಸಿದೆ. ಮೊದಲು ಸ್ಕ್ರೂ ಎಲ್ಲಿತ್ತು ಅಂತ ಗುರುತು ಮಾಡಿಕೊಳ್ಳುವ ಬುದ್ಧಿ ಮಾತ್ರ ಬರಲಿಲ್ಲ.

ಸಿಕ್ಕು ಹೋಗಲಿಲ್ಲ. ಮೇಲಿನ ದಾರದ ಬಿಗಿತ ಹೊಂದಿಸುವ ಟೆನ್ಷನ್ ಡಯಲ್‌ಗೆ ಕೈ ಹಾಕಿದೆ. 4ರಲ್ಲಿತ್ತು, 5 ಮಾಡಿದೆ, 7 ಮಾಡಿದೆ, ಕೊನೆಗೆ 9. ಏನೂ ಬದಲಾಗಲಿಲ್ಲ. ಡಯಲ್ ಕೆಟ್ಟಿದೆ, ರಿಪೇರಿಗೆ ಕೊಡಬೇಕು ಅಂತ ಬೈದುಕೊಂಡು ಎದ್ದೆ.

ಕೈ ತೊಳೆಯುವಾಗ ಹೊಳೆಯಿತು. ಡಯಲ್ ಎಷ್ಟು ತಿರುಗಿಸಿದರೂ ಒಂಚೂರೂ ಬದಲಾಗುತ್ತಿಲ್ಲ ಅಂದರೆ, ದಾರ ಟೆನ್ಷನ್ ಡಿಸ್ಕ್‌ಗಳ ನಡುವೆ ಇಲ್ಲವೇ ಇಲ್ಲ! ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಸ್ಸರ್ ಫುಟ್ ಎತ್ತಿದಾಗ ಆ ಎರಡು ಡಿಸ್ಕ್ ಬಿಡಿಸಿಕೊಳ್ಳುತ್ತವೆ, ಇಳಿಸಿದಾಗ ದಾರವನ್ನು ಅದುಮಿ ಹಿಡಿಯುತ್ತವೆ. ಬೆಳಿಗ್ಗೆ ಬಣ್ಣ ಬದಲಿಸಲು ಹೊಸ ದಾರ ಪೋಣಿಸಿದಾಗ ಬಟ್ಟೆ ಸೂಜಿಯ ಕೆಳಗೇ ಇತ್ತು. ಅದು ಜಾರದಿರಲಿ ಅಂತ ಫುಟ್ ಎತ್ತಿರಲಿಲ್ಲ. ಮುಚ್ಚಿಕೊಂಡ ಡಿಸ್ಕ್‌ಗಳ ಮೇಲೆಯೇ ದಾರ ಸುಮ್ನೆ ಹಾದುಹೋಗಿತ್ತು. ಹಿಡಿತವೇ ಇಲ್ಲದ ದಾರವನ್ನು ಬಾಬಿನ್ ದಾರ ಬೇಕಾದಷ್ಟು ಕೆಳಗೆ ಎಳೆದುಕೊಂಡಿತ್ತು. ನಾನು ಬಾಬಿನ್ ಬಿಗಿ ಮಾಡಿ ಆ ಎಳೆತಕ್ಕೆ ಇನ್ನಷ್ಟು ಬಲ ಕೊಟ್ಟಿದ್ದೆ.

ಫುಟ್ ಎತ್ತಿ, ಮೊದಲಿನಿಂದ ದಾರ ಪೋಣಿಸಿದೆ. ಈ ಸಲ ಮೇಲೆ ಕೆಂಪು, ಬಾಬಿನ್‌ನಲ್ಲಿ ಬಿಳಿ. ಎರಡೂ ಒಂದೇ ಬಣ್ಣ ಇದ್ದರೆ ಯಾವ ದಾರ ಎಲ್ಲಿ ಇಣುಕುತ್ತಿದೆ ಅಂತ ತಿಳಿಯುವುದೇ ಇಲ್ಲ. ಕ್ವಿಲ್ಟ್‌ಗೆ ಹಾಕಿದ ಬಟ್ಟೆ, ಬ್ಯಾಟಿಂಗ್ (ನಡುವಿನ ಮೆತ್ತನೆಯ ಪದರ), ಅಡಿಬಟ್ಟೆ ಮೂರರ ತುಂಡುಗಳನ್ನೂ ಜೋಡಿಸಿ ಪರೀಕ್ಷೆಗೆ ಇಟ್ಟೆ. ಒಂಟಿ ಬಟ್ಟೆಯ ಮೇಲೆ ನೋಡಿದರೆ ಪ್ರಯೋಜನವಿಲ್ಲ. ಎರಡು ದಾರ ಕೂಡುವ ಗಂಟು ಬ್ಯಾಟಿಂಗ್‌ನೊಳಗೆ ಅಡಗಬೇಕು, ಅದಿಲ್ಲದಿದ್ದರೆ ಗಂಟು ಅಡಗುವುದಾದರೂ ಎಲ್ಲಿ?

9ರಲ್ಲೇ ಬಿಟ್ಟಿದ್ದ ಡಯಲ್ ಮರೆತು ಪೆಡಲ್ ಒತ್ತಿದೆ. ನಾಲ್ಕು ಹೊಲಿಗೆಗೆ ದಾರ ಪಟ್ಟನೆ ಕಡಿಯಿತು. ಡಯಲ್ ಕೆಟ್ಟಿರಲಿಲ್ಲ ಅನ್ನುವುದು ಖಾತ್ರಿಯಾಯ್ತು.

4ಕ್ಕೆ ತಂದೆ. ಹಿಂಬದಿಯಲ್ಲಿ ಇನ್ನೂ ಕೆಂಪು ಚುಕ್ಕೆಗಳು. ಅದು ನಾನೇ ಬಿಗಿ ಮಾಡಿದ ಸ್ಕ್ರೂವಿನ ಫಲ. ಕೇಸ್ ತೆಗೆದು ಮೊದಲು ಬ್ರಷ್‌ನಿಂದ ಒರೆಸಿದೆ. ದಾರ ಜಾರುವ ಸ್ಪ್ರಿಂಗ್ ಪಟ್ಟಿಯ ಕೆಳಗೆ ಬ್ಯಾಟಿಂಗ್‌ನ ನಯವಾದ ಜುಂಗು ಸೇರಿಕೊಂಡಿತ್ತು. ಅದು ಪಟ್ಟಿಯನ್ನು ಎತ್ತಿ ಹಿಡಿದರೆ ಅಳತೆಯೆಲ್ಲ ತಪ್ಪುತ್ತದೆ. ಆಮೇಲೆ ಬಾಬಿನ್ ಹಾಕಿ, ದಾರದ ತುದಿ ಹಿಡಿದು ಕೇಸನ್ನು ತೂಗುಬಿಟ್ಟೆ. ಕೈ ಕುಲುಕಿದರೆ ಕೇಸ್ ಸ್ವಲ್ಪ ಇಳಿದು ನಿಲ್ಲಬೇಕು. ನನ್ನದು ಅಲ್ಲಾಡಲೇ ಇಲ್ಲ. ಸ್ಕ್ರೂವನ್ನು ಕೂದಲೆಳೆಯಷ್ಟು ಸಡಿಲ ಮಾಡುತ್ತಾ, ಮತ್ತೆ ಕುಲುಕುತ್ತಾ, ಏಳೆಂಟು ಸಲ ಹೀಗೇ ಮಾಡಿದ ಮೇಲೆ ಸರಿಯಾಯ್ತು. ಈ ಸಲ ಪೆನ್ನಿನಿಂದ ಗುರುತೂ ಹಾಕಿದೆ.

ನೇರ ಗೆರೆ ಚೆನ್ನಾಗಿ ಬಂತು. ತಿರುವಿನಲ್ಲಿ ಮಾತ್ರ ಹಿಂಬದಿಯಲ್ಲಿ ಸಣ್ಣ ಸಣ್ಣ ಕುಣಿಕೆ. ಬಟ್ಟೆಯನ್ನು ಮುಂದಕ್ಕೆ ತಳ್ಳುವ ಮೆಷಿನ್ನಿನ ಹಲ್ಲು ಇಳಿಸಿ ಹೊಲಿಯುವಾಗ ಬಟ್ಟೆ ಓಡಿಸುವುದು ನಮ್ಮ ಕೈ. ತಿರುವು ಬಂದಾಗ ನನ್ನ ಕೈ ಓಡುತ್ತಿತ್ತು, ಕಾಲು ಮಾತ್ರ ಪೆಡಲ್ ಸಡಿಲ ಮಾಡುತ್ತಿತ್ತು. ಭಯಕ್ಕೆ ಅನ್ನಿ. ಅದನ್ನು ಉಲ್ಟಾ ಮಾಡಿದೆ. 75/11 ಅಳತೆಯ ಸೂಜಿ ತೆಗೆದು, ಅದಕ್ಕಿಂತ ದಪ್ಪನೆಯ, ದೊಡ್ಡ ಕಣ್ಣಿನ 90/14 ಟಾಪ್‌ಸ್ಟಿಚ್ ಸೂಜಿಯನ್ನೂ ಹಾಕಿದೆ. ನನ್ನ 40 ನಂಬರ್ ದಾರಕ್ಕೆ ಹಳೆಯ ಸೂಜಿಯ ಕಣ್ಣು ಇಕ್ಕಟ್ಟಾಗಿತ್ತು. (ದಾರದ ನಂಬರ್ ಕಡಿಮೆಯಾದಷ್ಟೂ ದಾರ ದಪ್ಪ. ನಾನು ಬಹಳ ದಿನ ಉಲ್ಟಾ ತಿಳಿದಿದ್ದೆ.) ಕುಣಿಕೆಗಳು ಹೋದವು. ಕೈಯಿಂದಲೋ ಸೂಜಿಯಿಂದಲೋ, ಎರಡನ್ನೂ ಒಟ್ಟಿಗೇ ಬದಲಿಸಿದ್ದರಿಂದ ಹೇಳೋಕಾಗಲ್ಲ.

ಉಳಿದದ್ದು ಬೆಳಿಗ್ಗೆ ಹೊಲಿದದ್ದನ್ನು ಬಿಚ್ಚುವ ಕೆಲಸ. ರಾತ್ರಿಯೆಲ್ಲ ಇದೇ ಆಯ್ತು ಅಂತ ಸೀಮ್ ರಿಪ್ಪರ್ ಹಿಡಿದು ಕೂತೆ. ಬೇಕಾಗಲೇ ಇಲ್ಲ. ಹಿಂಬದಿಯಲ್ಲಿ ಬಾಬಿನ್ ದಾರ ನೆಟ್ಟಗೆ ಮಲಗಿತ್ತು. ತುದಿ ಹಿಡಿದು ಎಳೆದೆ. ಒಂದು ಗಂಟೆಯ ಬಳ್ಳಿ ಸರ್ರನೆ ಕೈಗೆ ಬಂತು.